ಅಪ್ಪನ ಕನ್ನಡಿಗೆ ಮೂರು ಬೆರಳು ವಿಭೂತಿ

ತಾಂಡೂರಿನಲ್ಲಿ ಹಾಸುಗಲ್ಲು ಕೊಯ್ಯುವ ಯಂತ್ರದ ಮೇಲೆ ನೀರು ಬೀಳುವಾಗ ಒಂದು ವಾಸನೆ ಏಳುತ್ತದೆ. ಮೊದಲ ಮಳೆಯ ವಾಸನೆಗೆ ಅದು ದಾಯಾದಿ. ಮಳೆಯ ವಾಸನೆಯ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ಕಲ್ಲಿನ ಕೆಸರಿನ ಬಗ್ಗೆ ಯಾರೂ ಬರೆದ ಹಾಗಿಲ್ಲವಾದ್ದರಿಂದ ಆ ಭಾರ ನನ್ನ ತಲೆಗೆ ಬಂದಿದೆ ಎಂದು ತಿಳಿದಿದ್ದೇನೆ.

ಹೋದ ವಾರ ಬಸವಂತಪ್ಪ ಮಾವನ, ಅಂದರೆ ನನ್ನ ಅಕ್ಕನ ಗಂಡನ, ಮನೆಗೆ ಹೋಗಿದ್ದೆ. ಮುಂದೆ ಕಲ್ಲಿನ ಕಾರ್ಖಾನೆ, ಹಿಂದೆ ಮನೆ. ಗರಗಸದಡಿ ಬೂದು ಬಣ್ಣದ ಕೆಸರು ಅಂಬಲಿಯ ಹಾಗೆ ಹರಿಯುತ್ತಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಒಳಗಿನಿಂದ "ಚನ್ನ್ಯಾ, ಬಂದೇನು? ಚಪ್ಪಲ್ ಹೊರಗ ಬಿಡು" ಎಂಬ ದನಿ ಬರಬೇಕಿತ್ತು. ಬರಲಿಲ್ಲ. ನೀಲಕ್ಕ ಹೋಗಿ ಎರಡು ವರ್ಷವಾಯಿತು. ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತಿದ್ದೆ. ಆಮೇಲೆ ಚಪ್ಪಲಿ ಹೊರಗೇ ಬಿಟ್ಟೆ.

ಅಲ್ಲಿ ನಿಂತಾಗ ನೆನಪಾದದ್ದು ಒಂದು ಹಿಂಗಾರು. ಮಹಾನವಮಿಯಿಂದ ಶಿವರಾತ್ರಿಯವರೆಗಿನ ಐದು ತಿಂಗಳು. ಆ ಐದು ತಿಂಗಳು ನಾನು, ವಿದ್ಯುತ್ ಇಲಾಖೆಯಲ್ಲಿ ಮೂವತ್ತು ವರ್ಷ ಮೀಟರು ಮತ್ತು ಕಂಬಗಳನ್ನು ನೋಡಿ ನಿವೃತ್ತನಾದ ಮನುಷ್ಯ, ಆಕಾಶವನ್ನು ನೋಡುವ ಅವಾಂತರಕ್ಕೆ ಬಿದ್ದಿದ್ದೆ.

ಅದಕ್ಕೆ ಮೊದಲು ಅಪ್ಪನ ವಿಷಯ ಹೇಳಬೇಕು. ಅಪ್ಪ ನಾರಾಯಣಖೇಡದಲ್ಲಿ ವಿಜ್ಞಾನದ ಮೇಷ್ಟ್ರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಬಜಾರಿನಲ್ಲಿ ಉರ್ದು, ಸಿಟ್ಟು ಬಂದರೆ ಮೂರೂ ಒಟ್ಟಿಗೆ. ಒಂದು ಬೇಸಿಗೆಯಲ್ಲಿ ಹೈದರಾಬಾದಿನ ಗುಜರಿಯಿಂದ ಗೇಣಗಲದ ಎರಡು ದಪ್ಪ ಗಾಜಿನ ಬಿಲ್ಲೆ ಹೊತ್ತು ತಂದರು. ಅಂಗಳದಲ್ಲಿ ಒಂದು ಖಾಲಿ ಪೀಪಾಯಿ ನಿಲ್ಲಿಸಿ, ಅದರ ಮೇಲೆ ಒಂದು ಬಿಲ್ಲೆಯನ್ನು ಕೂರಿಸಿ, ಉಜ್ಜುವ ಪುಡಿ ಮತ್ತು ನೀರು ಹಾಕಿ, ಇನ್ನೊಂದು ಬಿಲ್ಲೆಯನ್ನು ಮೇಲಿಟ್ಟು ಹಿಂದಕ್ಕೂ ಮುಂದಕ್ಕೂ ತಿಕ್ಕಬೇಕು. ತಿಕ್ಕುತ್ತ ಪೀಪಾಯಿಯ ಸುತ್ತ ನಡೆಯಬೇಕು. ಹಾಗೆ ಮಾಡಿದರೆ ಮೇಲಿನ ಗಾಜು ತಾನಾಗಿ ನಡುವೆ ತಗ್ಗಾಗುತ್ತದೆ. ಆ ತಗ್ಗಿಗೆ ಹೊಳಪು ಕೊಟ್ಟು, ಬೆಳ್ಳಿ ಬಣ್ಣದ ಲೇಪ ಹಾಕಿಸಿದರೆ ಅದೇ ಕನ್ನಡಿ. ಉದ್ದ ಕೊಳವೆಯ ತಳದಲ್ಲಿ ಅದನ್ನು ಕೂರಿಸಿದರೆ ದೂರದರ್ಶಕ. ಹೇಳಲು ಇಷ್ಟೇ. ತಿಕ್ಕಲು ನಾಲ್ಕು ತಿಂಗಳು ಹಿಡಿಯಿತು.

ತಿಕ್ಕಿದವಳು ನೀಲಕ್ಕ. ಆಗ ಅವಳಿಗೆ ಹದಿನಾಲ್ಕು, ನನಗೆ ಆರು. ಅಪ್ಪ ಕಟ್ಟೆಯ ಮೇಲೆ ಕುಳಿತು "ಇನ್ನೊಂದು ಸುತ್ತು" ಎನ್ನುತ್ತಿದ್ದರು. "ಅಪ್ಪಾ, ಇಷ್ಟು ಪ್ರದಕ್ಷಿಣಿ ಝರಾಸಂಗದ ದೇವರಿಗೆ ಹಾಕಿದ್ರ ಇಷ್ಟೊತ್ತಿಗೆ ಎದುರು ಬಂದು ನಿಂದ್ರತಿದ್ದ" ಎಂದು ಅವಳು ರೇಗುತ್ತಿದ್ದಳು. "ಅವ ಬರ್ತಾನವ್ವಾ, ಇದರಾಗೇ ಬರ್ತಾನ. ಸುತ್ತು" ಎನ್ನುತ್ತಿದ್ದರು ಅಪ್ಪ.

ಆ ಚಳಿಗಾಲದಲ್ಲಿ ಮಾಳಿಗೆಯ ಮೇಲೆ ಕೊಳವೆ ಏರಿತು. ಮಹಾವ್ಯಾಧ ನಕ್ಷತ್ರಪುಂಜದಲ್ಲಿ ಸಾಲಾಗಿ ನಿಂತ ಮೂರು ಚಿಕ್ಕಿಗಳಿವೆಯಲ್ಲ, ಅವುಗಳ ಕೆಳಗೆ ಒಂದು ನೀಹಾರಿಕೆ ಇದೆ. ಬರಿಗಣ್ಣಿಗೆ ಮಬ್ಬು ಚುಕ್ಕೆ. ಅಪ್ಪ ಅದರತ್ತ ಕೊಳವೆ ತಿರುಗಿಸಿ ನೀಲಕ್ಕನನ್ನು ಕರೆದರು. "ನೇರ ನೋಡಬ್ಯಾಡ. ನೇರ ನೋಡಿದ್ರ ಓಡಿ ಹೋಗ್ತದ. ಜರಾ ಬಾಜೂಕ ನೋಡು, ತಾನೇ ಬರ್ತದ." ಮಬ್ಬು ಬೆಳಕನ್ನು ಕಣ್ಣಿನ ನಡುಭಾಗಕ್ಕಿಂತ ಅಂಚು ಚೆನ್ನಾಗಿ ಹಿಡಿಯುತ್ತದೆ ಎಂಬುದು ಶಾಸ್ತ್ರ. ನೀಲಕ್ಕ ಬಹಳ ಹೊತ್ತು ಬಗ್ಗಿಯೇ ಇದ್ದಳು. ಎದ್ದಾಗ ಮೆಲ್ಲಗೆ ಅಂದಳು: "ಯಾರೋ ಒಂದು ಚಿಟಿಕಿ ವಿಭೂತಿ ಊದ್ಯಾರ, ಅಪ್ಪಾ."

ನನ್ನ ಸರದಿ ಬಂತು. ನನಗೆ ಚಳಿ, ಕೆಳಗೆ ಒಲೆಯ ಮುಂದೆ ಹುರಿದ ಶೇಂಗಾ. ಕೊಳವೆಗೆ ಕಣ್ಣಿಟ್ಟೆ, ಕರ್ರಗಿನ ಕತ್ತಲೆ ಬಿಟ್ಟು ಏನೂ ಕಾಣಲಿಲ್ಲ. "ಕಂಡ್ತು!" ಎಂದು ಕೂಗಿ ಮೆಟ್ಟಿಲಿಳಿದು ಓಡಿದೆ. ನನ್ನ ಖಗೋಳ ವಿಜ್ಞಾನ ಅಲ್ಲಿಗೆ ಮುಕ್ತಾಯ.

ಅಪ್ಪ ವಿಜ್ಞಾನದವರು ನಿಜ, ಆದರೆ ಮಹಾನವಮಿಯ ಖಂಡೇಪೂಜೆ ಬಿಟ್ಟವರಲ್ಲ. ಅವತ್ತು ಮನೆಯ ಕುಡಗೋಲು, ಕೊಡಲಿ, ಸೈಕಲ್ಲು ಎಲ್ಲಕ್ಕೂ ಮೂರು ಬೆರಳಿನಿಂದ ವಿಭೂತಿ ಎಳೆಯುವಾಗ ದೂರದರ್ಶಕವನ್ನೂ ಬಿಡುತ್ತಿರಲಿಲ್ಲ. ಕೊಳವೆಗಲ್ಲ, ಕನ್ನಡಿಗೇ. "ಕೊಡಲಿಗೆ ಬಾಯಿಗೆ ಹಚ್ಚತೀವೋ, ಕಾವಿಗೆ ಹಚ್ಚತೀವೋ?" ಎಂಬುದು ಅವರ ವಾದ. ಮರುದಿನ ಬೆಳಿಗ್ಗೆ ಒದ್ದೆ ಹತ್ತಿಯಿಂದ ಮೆಲ್ಲಗೆ ಒರೆಸುತ್ತಿದ್ದರು. ಕೊನೆಯ ವರ್ಷ ಒರೆಸಲಿಲ್ಲ. ನವಮಿಯ ಸಂಜೆ ವಿಭೂತಿ ಎಳೆದವರು ದಶಮಿಯ ಬೆಳಿಗ್ಗೆ ಏಳಲೇ ಇಲ್ಲ.

ಕೊಳವೆಯನ್ನು ನೀಲಕ್ಕ ತಾಂಡೂರಿಗೆ ಒಯ್ದಳು. ನಾನು ಬೇಡ ಅಂದಿದ್ದೆ. ನನ್ನ ಬಾಡಿಗೆ ಮನೆಯಲ್ಲಿ ಜಾಗವಿಲ್ಲ ಎಂಬ ನೆಪ. ಅಲ್ಲಿ ಅಟ್ಟದ ಮೇಲೆ ಅದು ಮೂವತ್ತು ಚಿಲ್ಲರೆ ವರ್ಷ ಮಲಗಿತು. ಮಾವ ಅದನ್ನು ಫಿರಂಗಿಯೋ ಎಂಬಂತೆ "ತೋಪು" ಎಂದು ಕರೆಯುತ್ತಿದ್ದರು. ಪ್ರತಿ ನವಮಿಗೆ ನೀಲಕ್ಕ ಮುಚ್ಚಳ ತೆಗೆದು ಎರಡು ಹೂವಿಟ್ಟು ಮುಚ್ಚುತ್ತಿದ್ದಳು. ವಿಭೂತಿ ಹಚ್ಚುತ್ತಿರಲಿಲ್ಲ, ಒರೆಸುತ್ತಲೂ ಇರಲಿಲ್ಲ. ಅಪ್ಪನ ಮೂರು ಬೆರಳು ಹಾಗೇ ಇದ್ದವು.

ಆ ವರ್ಷದ ನವಮಿಗೆ ಹೋದಾಗ ನೀಲಕ್ಕ ನನ್ನನ್ನು ಕೂರಿಸಿಕೊಂಡು, ನನ್ನ ಹೆಗಲಾಚೆ ಎಲ್ಲೋ ನೋಡುತ್ತ ಮಾತಾಡಿದಳು.

"ಯಾರನ್ನ ನೋಡ್ಲಿಕತ್ತಿ ಅಕ್ಕಾ?"

"ನಿನ್ನೇ ನೋಡ್ಲಿಕತ್ತೀನಿ. ಕಣ್ಣಿನ ನಡುವಿನ ಪರದಿ ಸವದಾದ ಅಂತ ಡಾಕ್ಟರ್ ಅಂದಾರ. ನೇರ ನೋಡಿದ್ರ ಕರಿ ತೂತು. ಅಂಚಿಗಷ್ಟೇ ಕಾಣ್ತದ. ನಿನ್ನ ಕಿವಿ ಎರಡೂ ಕಾಣ್ತಾವ, ಮಾರಿ ಕಾಣಂಗಿಲ್ಲ."

ನಾನು ಎರಡೂ ಕಿವಿ ಮುಟ್ಟಿ ನೋಡಿಕೊಂಡೆ.

"ಅದ್ಯಾಕ ಅಳೋ ಮಾರಿ ಮಾಡ್ತಿ? ಏನೂ ನುಕ್ಸಾನ್ ಆಗಿಲ್ಲ, ಆ ಮಾರಿ ಅರವತ್ತು ವರ್ಷ ನೋಡೀನಿ."

"ಮಾರಿ ಕಾಣಂಗಿಲ್ಲ ಅಂದಿ?"

"ಕಾಣಬೇಕೇನು? ಗೊತ್ತಿಲ್ಲೇನು ನಂಗ?"

ನಕ್ಕೆವು. ಆಮೇಲೆ ಅವಳು ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ ಕೇಳಿದಳು: "ಆ ವಿಭೂತಿ ಚಿಟಿಕಿ ಇನ್ನೊಮ್ಮೆ ನೋಡಬೇಕಾಗ್ಯಾದ ಚನ್ನ್ಯಾ. ಇದ್ದದ್ದೂ ಹೋಗೋದರಾಗ. ಆಗ್ತದೇನು?"

ಜೀವನದಲ್ಲಿ ನನ್ನನ್ನು ಅವಳು ಕೇಳಿದ್ದು ಅದೊಂದೇ. ಕೊಳವೆಯಲ್ಲಿ ಕಣ್ಣಿಟ್ಟು ನೋಡುವ ಕಾಲ ಅವಳಿಗೆ ಮುಗಿಯಿತು ಎಂದು ನಾನೇ ತೀರ್ಮಾನಿಸಿಬಿಟ್ಟೆ. ಕ್ಯಾಮೆರಾ ಕಟ್ಟಿ ಫೋಟೋ ತೆಗೆದು, ಟಿವಿಯ ಮೇಲೆ ಗೋಡೆಯಷ್ಟು ದೊಡ್ಡದು ಮಾಡಿ ತೋರಿಸಿದರೆ ಅಂಚಿನಿಂದಲಾದರೂ ಕಂಡೀತು. ಗಡುವು ಶಿವರಾತ್ರಿ. ಅದಾದ ಮೇಲೆ ಮಹಾವ್ಯಾಧ ಪಡುವಣಕ್ಕೆ ಇಳಿಯುತ್ತಾನೆ, ಬೇಸಿಗೆಯ ಧೂಳು ಏಳುತ್ತದೆ. ಮತ್ತೆ ಬರುವುದು ಮುಂದಿನ ಚಳಿಗಾಲಕ್ಕೆ. ಅಷ್ಟು ಹೊತ್ತಿಗೆ ಅಂಚೂ ಉಳಿಯುತ್ತದೆಂದು ಡಾಕ್ಟರು ಹೇಳಿರಲಿಲ್ಲ.

"ಮಾಡ್ತೀನಿ" ಅಂದೆ.

"ಮಾಡು. ಆದ್ರ ಅಪ್ಪನ ಬೆರಳು ಅಳಸಬ್ಯಾಡ" ಎಂದು ಅವಳು ಮಾತು ತೆಗೆದುಕೊಂಡಳು. ಕೊಟ್ಟೆ.

ಕೊಳವೆಯನ್ನು ಬಸ್ಸಿನಲ್ಲಿ ಜಹೀರಾಬಾದಿಗೆ ತಂದೆ. ಕಂಡಕ್ಟರ್ ಅದನ್ನು ಬೋರ್‌ವೆಲ್ ಪೈಪು ಎಂದು ತಿಳಿದು ನನ್ನ ಊರಿನಲ್ಲಿ ನೀರು ಎಷ್ಟು ಆಳಕ್ಕೆ ಸಿಗುತ್ತದೆಂದು ದಾರಿಯುದ್ದಕ್ಕೂ ವಿಚಾರಿಸಿದ. ಅದರ ಒಳಗೆ ಏನೇನಿತ್ತು ಎಂಬುದನ್ನು ನಿವೃತ್ತ ಸರಕಾರಿ ನೌಕರನ ಶಿಸ್ತಿನಿಂದ ಪಟ್ಟಿ ಮಾಡಿದ್ದೆ: ಇಲಿಯ ಗೂಡು ಒಂದು, ಅದರಲ್ಲಿ ನೀಲಕ್ಕನ ಹಳೆಯ ಸೀರೆಯ ಜರಿ, ಕಣ್ಣಿಡುವ ತೂತಿನಲ್ಲಿ ಕಣಜ ಕಟ್ಟಿದ ಮಣ್ಣಿನ ಮನೆ, ಒಣಗಿದ ಸೇವಂತಿಗೆ, ಲೆಕ್ಕವಿಲ್ಲ.

ಮೆಹಬೂಬ್ ಭಾಯಿ ಈ ಹಂತದಲ್ಲಿ ಬಂದರು. ಜಹೀರಾಬಾದಿನಲ್ಲಿ ಫೋಟೋ ಸ್ಟುಡಿಯೋ ಇಟ್ಟವರು, ಸುತ್ತಲಿನ ಹತ್ತಾರು ಊರಿನ ಮದುವೆಗಳ ಫೋಟೋ ತೆಗೆದವರು. ನನ್ನ ಮದುವೆಯದೂ ಅವರದೇ. ಅದರಲ್ಲಿ ನನ್ನ ಕಣ್ಣು ಎಲ್ಲ ಚಿತ್ರಗಳಲ್ಲೂ ಮುಚ್ಚಿವೆ. ಆಕಾಶದ ಫೋಟೋ ತೆಗೆಯಲು ಚಂದ್ರನಿಲ್ಲದ ದಿನ ಬೇಕು ಎಂದೆ.

"ಅಮಾಸಿ?" ಎಂದರು. "ಭೇಷ್ ಆತು ನೋಡ್ರಿ. ಅಮಾಸಿಗೆ ಯಾರೂ ಮದುವಿ ಇಟ್ಟುಕೊಳ್ಳಂಗಿಲ್ಲ, ನಾ ಖಾಲಿ. ಇಷ್ಟು ವರ್ಷ ಅಮಾಸಿ ದಿನ ಸುಮ್ಮನ ಕುಂತೀನಿ, ಮ್ಯಾಲೆ ಇಷ್ಟು ಗಿರಾಕಿ ಅವ ಅಂತ ಯಾರೂ ಹೇಳಲಿಲ್ಲ."

ಕನ್ನಡಿಯನ್ನು ಹೊರತೆಗೆದು ಸ್ಟುಡಿಯೋದ ಮೇಜಿನ ಮೇಲಿಟ್ಟೆವು. ಧೂಳು, ಇಲಿಯ ಹಿಕ್ಕೆ, ಅವುಗಳ ನಡುವೆ ಮೂರು ಬಿಳಿ ಪಟ್ಟೆ. ಎಡದಿಂದ ಬಲಕ್ಕೆ ಎಳೆದದ್ದು, ಕೊನೆಯಲ್ಲಿ ತುಸು ಕೆಳಗೆ ಬಾಗಿದ್ದು. ಅಪ್ಪ ಹಣೆಗೆ ಹಚ್ಚಿಕೊಳ್ಳುವಾಗಲೂ ಹಾಗೇ ಬಾಗುತ್ತಿತ್ತು.

"ಸಾಹೇಬ್ರ, ಇದರಾಗ ನಿಮ್ಮ ಮೂಗೇ ಕಾಣವಲ್ದು. ಚಿಕ್ಕಿ ಹ್ಯಾಂಗ ಕಾಣ್ತಾವ?" ಎಂದರು ಮೆಹಬೂಬ್ ಭಾಯಿ.

ಮಾತು ಕೊಟ್ಟಿದ್ದೆ. ಆದರೆ ಗಡುವೂ ಇತ್ತು. ಹಣ್ಣು ಹಣ್ಣು ಮುದುಕನಾದರೂ ಬುದ್ಧಿವಂತನೆಂಬ ಭ್ರಮೆ ಬಿಟ್ಟಿರಲಿಲ್ಲ: ತೊಳೆದುಬಿಟ್ಟು, ಫೋಟೋ ತೆಗೆದು, ಆಮೇಲೆ ನಾನೇ ಮೂರು ಬೆರಳು ಎಳೆದರೆ ಕಣ್ಣು ಮಂಜಾದ ಅಕ್ಕನಿಗೆ ಏನು ಗೊತ್ತಾದೀತು? ನಲ್ಲಿಯ ಕೆಳಗೆ ಹಿಡಿದೆ. ಅರ್ಧ ನಿಮಿಷ. ಅಪ್ಪ ಬೆಳ್ಳಗೆ ಹರಿದು ಮೋರಿಗೆ ಹೋದರು.

ಮೆಹಬೂಬ್ ಭಾಯಿ ಕನ್ನಡಿಯನ್ನು ಟ್ಯೂಬ್‌ಲೈಟಿಗೆ ಹಿಡಿದು "ಯಾ ಅಲ್ಲಾ" ಅಂದರು. ವಿಭೂತಿ ಹೋಗಿತ್ತು, ಪಟ್ಟೆಗಳು ಹೋಗಿರಲಿಲ್ಲ. ಬೂದಿಯ ಕ್ಷಾರ ಅಷ್ಟು ಮಳೆಗಾಲಗಳ ಪಸೆ ಕುಡಿದು ಲೇಪವನ್ನು ತಿಂದುಹಾಕಿತ್ತು. ಬೆರಳು ಹರಿದಲ್ಲೆಲ್ಲ ಬರಿಯ ಗಾಜು, ಆಚೆಗಿನ ಗೋಡೆ ಕಾಣುತ್ತಿತ್ತು. ನನ್ನ ಮುಖ ನನಗೆ ನಾಲ್ಕು ತುಂಡಾಗಿ ಕಂಡಿತು.

ಅಂದಿನಿಂದ ಪ್ರತಿ ಸೋಮವಾರ ನೀಲಕ್ಕನ ಫೋನ್. "ಬೆರಳು ಅವ ಏನು?"

"ಅವ ಅಕ್ಕಾ."

ಹೇಳಿದ್ದು ಸುಳ್ಳೂ ಅಲ್ಲ, ನಿಜವೂ ಅಲ್ಲ. ಇಲಾಖೆಯಲ್ಲಿ ಇಂಥ ಉತ್ತರಗಳನ್ನು ಬರೆದು ಬಡ್ತಿ ಪಡೆದವನು ನಾನು. ಆದರೆ ಫೋನಿಟ್ಟ ಮೇಲೆ ಊಟ ಸೇರುತ್ತಿರಲಿಲ್ಲ.

ಕೆಲಸ ಮಾತ್ರ ಸಾಗಿತು. ನೆಲ ತಿರುಗುವುದರಿಂದ ಚಿಕ್ಕಿಗಳು ಜಾರುತ್ತವೆ. ಅವುಗಳ ಜೊತೆ ಕೊಳವೆಯೂ ಜಾರಬೇಕು, ಇಲ್ಲವಾದರೆ ಫೋಟೋದಲ್ಲಿ ಗೀರು. ಅದಕ್ಕೆ ಕೊಳವೆಯ ಪೀಠ ಧ್ರುವದ ಕಡೆ ಹದಿನೇಳು ಡಿಗ್ರಿ ಚಿಲ್ಲರೆ ಓರೆಯಾಗಿರಬೇಕು. ಬಸವಂತಪ್ಪ ಮಾವ ತಾಂಡೂರಿನ ಕಲ್ಲಿನಲ್ಲಿ ಆ ಓರೆಯನ್ನು ಕೊಯ್ದು ಕಳಿಸಿದರು. "ನಲವತ್ತು ವರ್ಷ ಕಲ್ಲು ಸೀದಾ ಕೊಯ್ಯಂದ್ರು. ಸೊಟ್ಟ ಕೊಯ್ಯಂದವ ನೀನೊಬ್ಬನ" ಎಂದು ಫೋನಿನಲ್ಲಿ ದೂರಿದರು. ಕೊಳವೆಯನ್ನು ನೂಕುವ ಮೋಟಾರು ಒಂದು ಸೀರೆ ಅಂಗಡಿಯದು. ಗಾಜಿನ ಪೆಟ್ಟಿಗೆಯಲ್ಲಿ ಗೊಂಬೆಯನ್ನು ನಿಮಿಷಕ್ಕೊಂದು ಸುತ್ತು ತಿರುಗಿಸುತ್ತಿತ್ತು. ಗೊಂಬೆಗೆ ನಿವೃತ್ತಿಯಾಗಿತ್ತು. ಮೋಟಾರಿನ ತುದಿಗೆ ಉದ್ದದ ಸ್ಕ್ರೂ ಜೋಡಿಸಿದೆವು; ಅದು ತಿರುಗಿದಂತೆ ಕೊಳವೆ ಇಷ್ಟಿಷ್ಟೇ ಸರಿಯುತ್ತಿತ್ತು.

ಇನ್ನು ಕತ್ತಲೆ. ಮೂವತ್ತು ವರ್ಷ ಊರೂರಿಗೆ ಕಂಬ ನೆಡಿಸಿ ಬೆಳಕು ಕೊಟ್ಟವನು ಈಗ ಕತ್ತಲೆ ಬೇಡುತ್ತ ಊರೂರು ತಿರುಗಿದೆ. ಹೋದಲ್ಲೆಲ್ಲ ನಾನೇ ಹಾಕಿಸಿದ ದೀಪ ನನ್ನನ್ನು ನೋಡಿ ಹಲ್ಲು ಕಿರಿಯುತ್ತಿತ್ತು. ಕೊನೆಗೆ ಝರಾಸಂಗದ ಆಚೆ, ಕಬ್ಬಿನ ಗದ್ದೆಯ ಮರೆಯಲ್ಲಿ ಒಂದು ಕಣ ಸಿಕ್ಕಿತು. ಅಲ್ಲಿಗೆ ಮಾತ್ರ ನಾವು ಲೈನ್ ಎಳೆಯಲು ಮರೆತಿದ್ದೆವು. ಆ ರೈತ ಇಪ್ಪತ್ತು ವರ್ಷದ ಹಿಂದೆ ಕೊಟ್ಟ ಅರ್ಜಿಯನ್ನು ನೆನಪಿಸಿದ. ಕೈಮುಗಿದೆ.

ಪುಷ್ಯದ ಅವರಾತ್ರಿ ಅಮಾವಾಸ್ಯೆಯ ಸಂಜೆ, ಏಳೂವರೆ. ಚಳಿ ಕಬ್ಬಿನ ಸಾಲುಗಳಿಂದ ಎದ್ದು ಬರುತ್ತಿತ್ತು. ಮೊದಲು ದೊಡ್ಡ ಚಿಕ್ಕಿಯಾದ ಲುಬ್ಧಕವನ್ನು ಹಿಡಿದೆವು. ಮೆಹಬೂಬ್ ಭಾಯಿ ಅಭ್ಯಾಸಬಲದಿಂದ "ಜರಾ ನಗ್ರಿ" ಎಂದು ಗುಂಡಿ ಒತ್ತಿದರು.

ಪರದೆಯ ಮೇಲೆ ಚಿಕ್ಕಿ ಬರಲಿಲ್ಲ; ಇಡ್ಲಿ ಬಂತು. ದುಂಡನೆಯ ದೊಡ್ಡ ಬೆಳಕಿನ ಬಿಲ್ಲೆ. ಕಣ್ಣಿಗೆಂದು ಮಾಡಿದ ಕೊಳವೆಗೆ ಕ್ಯಾಮೆರಾ ಕಟ್ಟಿದರೆ ಬಿಂಬ ಅದರ ಒಳಕ್ಕೆ ಮುಟ್ಟುವುದಿಲ್ಲ, ಕನ್ನಡಿಯನ್ನು ಎರಡು ಬೆರಳು ಮೇಲೆ ಸರಿಸಬೇಕು ಎಂಬುದು ನಮಗೆ ಆಮೇಲೆ ತಿಳಿಯಿತು.

"ಖರಾಬ್ ಆತು, ತೆಗೀತೀನ್ರಿ" ಎಂದು ಅಳಿಸಲು ಹೋದರು.

"ನಿಂದರ್ರಿ" ಅಂದೆ.

ಬಿಂಬ ಕೆಟ್ಟು ಹಿಗ್ಗಿದಾಗ ಅದು ಚಿಕ್ಕಿಯ ರೂಪವಾಗಿರುವುದಿಲ್ಲ, ಕನ್ನಡಿಯದೇ ರೂಪವಾಗಿರುತ್ತದೆ. ಆ ಬಿಲ್ಲೆಯ ಅಡ್ಡಕ್ಕೆ ಮೂರು ಕರಿಯ ಪಟ್ಟೆಗಳಿದ್ದವು. ಎಡದಿಂದ ಬಲಕ್ಕೆ, ಕೊನೆಯಲ್ಲಿ ತುಸು ಬಾಗಿದವು. ನಡುವೆ, ಕೊಳವೆಯೊಳಗಿನ ಸಣ್ಣ ಕನ್ನಡಿಯ ನೆರಳು ದುಂಡನೆಯ ಬೊಟ್ಟಾಗಿ ಕೂತಿತ್ತು.

ಮೆಹಬೂಬ್ ಭಾಯಿ ಕನ್ನಡಕ ಏರಿಸಿ ನೋಡಿದರು. ರೀಲಿನ ಕಾಲದ ಮನುಷ್ಯ. "ಇದು ನೆಗೆಟಿವ್ ಅದ್ರಿ" ಎಂದು ಲ್ಯಾಪ್‌ಟಾಪಿನಲ್ಲಿ ಕಪ್ಪನ್ನು ಬಿಳಿ, ಬಿಳಿಯನ್ನು ಕಪ್ಪು ಮಾಡಿದರು. ಕಪ್ಪು ಹಣೆಯ ಮೇಲೆ ಬೆಳ್ಳಗಿನ ಮೂರು ಪಟ್ಟೆ, ನಡುವೆ ಬೊಟ್ಟು. ಮೆಹಬೂಬ್ ಭಾಯಿ ಅದನ್ನು ಎರಡು ಕಡೆ ಉಳಿಸಿಟ್ಟರು.

ಕನ್ನಡಿ ಸರಿಸಿ, ನೀಹಾರಿಕೆಯದೂ ಹಲವು ಫೋಟೋ ತೆಗೆದೆವು. ಎಲ್ಲ ಮಸುಕು. ಮೂರು ಪಟ್ಟೆ ತಿಂದದ್ದು ಹೋಗಲಿ, ಉಳಿದ ಲೇಪವೂ ಮಂಕಾಗಿತ್ತು. ಹಳೆಯ ಲೇಪವನ್ನು ಆಮ್ಲದಲ್ಲಿ ಕರಗಿಸಿ ಹೊಸದು ಹಾಕಿಸಬೇಕು. ಹಾಕಿಸಿದರೆ ಬೆರಳುಗಳು ನಿಜವಾಗಿಯೂ ಹೋಗುತ್ತವೆ, ಈ ಸಲ ಮರಳದ ಹಾಗೆ.

ತಾಂಡೂರಿಗೆ ಹೋಗಿ ಎಲ್ಲ ಒಪ್ಪಿಕೊಂಡೆ. ನೀಲಕ್ಕ ಕೇಳುತ್ತ ಕೂತಿದ್ದಳು. ಆಮೇಲೆ ಆ ಕೆಟ್ಟ ಫೋಟೋವನ್ನು ಟಿವಿಯಲ್ಲಿ ಹಾಕಿದೆ. ಅವಳು ಎದ್ದು ಟಿವಿಯ ಪಕ್ಕಕ್ಕೆ ಹೋಗಿ, ಬಾಗಿಲ ಸಂದಿಯಿಂದ ನೋಡುವವಳ ಹಾಗೆ ಮುಖ ಓರೆ ಮಾಡಿ ನಿಂತಳು.

"ಅಪ್ಪನ ಹಣಿ."

"ಹೂಂ."

"ತೊಳದಿ?"

"ತೊಳದೆ."

"ಕೊಟ್ಟ ಮಾತು?"

"ಅದೂ ತೊಳದೆ."

ನಗುತ್ತಾಳೆಂದು ಆಡಿದ ಮಾತು. ನಗಲಿಲ್ಲ. ಕಾರ್ಖಾನೆಯಲ್ಲಿ ಗರಗಸ ನಿಂತು, ಮತ್ತೆ ಶುರುವಾಯಿತು. ನನಗೋ, ಮೊದಲ ಸಲ ಕನ್ನಡಿಯ ಮೇಲೆ ಲೋಭ ಹುಟ್ಟಿತ್ತು.

"ಇದು ಹೀಂಗೇ ಇರಲಿ ಅಕ್ಕಾ. ಲೇಪ ಬ್ಯಾಡ. ಮಸುಕಾದ್ರೂ ಚಿಂತಿಲ್ಲ, ಅದರಾಗೇ ಒಂದು ಫೋಟೋ ತೆಗೀತೀವಿ" ಅಂದೆ.

ಅವಳು ನನ್ನ ಕಿವಿಗಳತ್ತ ತಿರುಗಿದಳು. "ನಾಲ್ಕು ತಿಂಗಳು ಪೀಪಾಯಿ ಸುತ್ತ ತಿರುಗೀನಿ ಚನ್ನ್ಯಾ. ಅಪ್ಪನ ಹಣಿ ನೋಡಾಕ ತಿರುಗಿಲ್ಲ. ಮರುದಿನ ಎದ್ದಿದ್ರ ಅಪ್ಪನೂ ಒರಸ್ತಿದ್ರು. ನಾನೇ ಒರಸಲಿಲ್ಲ, ನಂದೇ ತಪ್ಪು. ಒಯ್ದು ಹೊಸದು ಹಾಕಿಸು. ಲಗೂ."

ಹೈದರಾಬಾದಿನಲ್ಲಿ ಅಂಥ ಕೆಲಸ ಮಾಡುವವರೊಬ್ಬರಿಗೆ ಒಪ್ಪಿಸಿ ಬಂದೆ. ಮಾಘದ ಕೊನೆಗೆ ಕನ್ನಡಿ ಬಂತು. ಬಾವಿಯ ನೀರಿನಂತೆ ಹೊಳೆಯುತ್ತಿತ್ತು. ಹೊರಳಿಸಿ ಹೊರಳಿಸಿ ಬೆಳಕಿಗೆ ಹಿಡಿದೆ. ಒಂದು ಗೀರೂ ಇಲ್ಲ. ಇಷ್ಟು ಚೊಕ್ಕ ಕೆಲಸ ಮಾಡಿದವನ ಮೇಲೆ ಯಾಕೆ ಸಿಟ್ಟು ಬಂತೋ ತಿಳಿಯದು.

ಶಿವರಾತ್ರಿಯ ಮರುದಿನ ಅಮಾವಾಸ್ಯೆ. ಅದೇ ಕೊನೆಯ ಅವಕಾಶ. ಯಾಲಾಲದ ಕಡೆ ಮಾವನ ನೆಂಟರ ತೊಗರಿ ಹೊಲ, ತೊಗರಿ ಕೊಯ್ದು ಕೂಳೆ ಉಳಿದಿತ್ತು. ಫೋಟೋ ಮನೆಗೇ ತರುತ್ತೇನೆ ಎಂದರೂ ಕೇಳದೆ ನೀಲಕ್ಕ ಕೌದಿ ಹೊದ್ದು ಆಟೋದಲ್ಲಿ ಬಂದಳು. "ಶಿವರಾತ್ರಿ ಜಾಗರಣಿ ಆಗ್ಯಾದ. ಇದು ಬಡ್ಡಿ" ಎಂದಳು. ಮಾವ ಚಹಾದ ಥರ್ಮಾಸು ಹಿಡಿದು ಹಿಂದೆ ಬಂದರು.

ಏಳೂವರೆಗೆ ಶುರು ಮಾಡಿ ಎಂಟೂವರೆಗೆ ಮುಗಿಸಿದೆವು. ಅರ್ಧ ಅರ್ಧ ನಿಮಿಷದ ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸಿದಾಗ ಲ್ಯಾಪ್‌ಟಾಪಿನಲ್ಲಿ ನೀಹಾರಿಕೆ ಅರಳಿತು. ಗುಲಾಬಿ, ನೇರಳೆ, ನಡುವೆ ಬೆಂಕಿಯಂಥ ಬಿಳುಪು. ರೆಕ್ಕೆ ಬಿಚ್ಚಿದ ಹಕ್ಕಿ. ಆ ಚಿತ್ರ ಈಗಲೂ ಮೆಹಬೂಬ್ ಭಾಯಿಯ ಸ್ಟುಡಿಯೋದಲ್ಲಿದೆ. ಯಾವ ಫಂಕ್ಷನ್ ಹಾಲಿನ ಡೆಕೋರೇಶನ್ ಎಂದು ಗಿರಾಕಿಗಳು ಕೇಳುತ್ತಾರೆ.

ನೀಲಕ್ಕ ಪರದೆಯ ಪಕ್ಕಕ್ಕೆ ಮುಖ ತಂದು, ಓರೆ ಮಾಡಿ, ಬಹಳ ಹೊತ್ತು ನೋಡಿದಳು.

"ಛಂದ ಅದ" ಅಂದಳು. "ಆದ್ರ ಇದು ಅದಲ್ಲ."

"ಅದೇ ಅಕ್ಕಾ! ಅದೇ ಜಾಗ!"

"ಜಾಗ ಅದೇ ಇರಬಹುದು. ನಾ ನೋಡಿದ್ದು ಬೂದಿ ಬಣ್ಣ. ಇದು ಮದುವಿ ಮಂಟಪ."

ಐದು ತಿಂಗಳ ಕೆಲಸ ತೊಗರಿಯ ಕೂಳೆಯ ನಡುವೆ ಕುಸಿದು ಕೂತಿತು. ಕ್ಯಾಮೆರಾ ಹನಿ ಹನಿಯಾಗಿ ಬೆಳಕು ಕೂಡಿಸುತ್ತದೆ, ಅದಕ್ಕೆ ಬಣ್ಣ ದಕ್ಕುತ್ತದೆ. ಮನುಷ್ಯನ ಕಣ್ಣಿಗೆ ದಕ್ಕುವುದು ಬೂದಿಯಷ್ಟೇ. ಇದು ನನಗೆ ಹೊಳೆದೇ ಇರಲಿಲ್ಲ. ಹೊಳೆಯಬೇಕಾದರೆ ನಾನು ಒಮ್ಮೆಯಾದರೂ ಅದನ್ನು ನೋಡಿರಬೇಕಿತ್ತು.

"ಆ ಕ್ಯಾಮೆರಾ ತೆಗಿ" ಎಂದಳು ನೀಲಕ್ಕ.

"ಅಕ್ಕಾ, ಕೊಳವ್ಯಾಗ ನಿಂಗ..."

"ತೆಗಿ ಅಂದ್ರ ತೆಗಿ."

ತೆಗೆದೆ. ಅಪ್ಪನ ಹಳೆಯ ಕಣ್ಣಗಾಜನ್ನು ಸಿಕ್ಕಿಸಿದೆ. ಬಗ್ಗಲು ಮಾವ ರಟ್ಟೆ ಹಿಡಿದರು. ಅವಳು ಕಣ್ಣಿಟ್ಟಳು. ದೂರದಲ್ಲಿ ಒಂದು ಬೈಕಿನ ಸದ್ದು ಬಂದು, ಹೋಯಿತು. ನನಗೆ ನೋಡಲಾಗದೆ ಲ್ಯಾಪ್‌ಟಾಪಿನ ವೈರು ಸುತ್ತತೊಡಗಿದೆ.

"ಅದ" ಎಂದಳು.

ವೈರು ಬಿಟ್ಟು ತಿರುಗಿದೆ.

"ಹಾಂಗೇ ಅದ ಚನ್ನ್ಯಾ. ಒಂದು ಚಿಟಿಕಿ. ಊದಿದಂಗೇ ಅದ."

ನೇರ ನೋಡಬ್ಯಾಡ, ಬಾಜೂಕ ನೋಡು ಎಂದು ಅಪ್ಪ ಕಲಿಸಿದ್ದರು. ಈಗ ಅವಳಿಗೆ ಉಳಿದದ್ದೇ ಬಾಜೂಕಿನ ನೋಟ. ನೇರ ನೋಡಬೇಕೆಂದರೂ ಆಗದು. ಅದು ಗೊತ್ತಿದ್ದೂ, ಐದು ತಿಂಗಳು ನಾನು ಅವಳ ಕಣ್ಣಿನ ನಡುವಿನ ತೂತನ್ನೇ ಲೆಕ್ಕ ಹಾಕುತ್ತ ಕೂತಿದ್ದೆ.

ಮೋಟಾರು ಗೊಂಬೆ ತಿರುಗಿಸುತ್ತಿದ್ದ ನಿಧಾನದಲ್ಲೇ ಕೊಳವೆಯನ್ನು ನೂಕುತ್ತಿತ್ತು, ಆದ್ದರಿಂದ ಅದು ಅವಳ ಕಣ್ಣಿಂದ ಜಾರಲಿಲ್ಲ. ಬೇಕಾದಷ್ಟು ಹೊತ್ತು ನೋಡಿದಳು. ಮಾವನ ಚಹಾ ಆರಿತು. ಎದ್ದು ಸೊಂಟ ನೀವಿಕೊಂಡು, "ಈಗ ನೀ ನೋಡು" ಎಂದಳು.

ಬಗ್ಗಿದೆ. ನಾಲ್ಕು ಸಣ್ಣ ಚಿಕ್ಕಿ, ಸುತ್ತ ಕತ್ತಲೆ. ಅವಳ ಸಂತೋಷ ಕೆಡಿಸಬಾರದು ಎಂದು "ಕಂಡ್ತು" ಅಂದೆ.

"ಸುಳ್ಳ."

"ಇಲ್ಲ ಅಕ್ಕಾ, ಖರೇನೇ..."

"ಆರು ವರ್ಷದವ ಇದ್ದಾಗ್ಲೂ ಹೀಂಗೇ ಅಂದು ಶೇಂಗಾ ತಿನ್ನಾಕ ಓಡಿದಿ. ನಂಗ 'ಕಂಡ್ತು' ಅಂತ ಹೇಳಾಕ ಎಷ್ಟು ಹೊತ್ತು ಆತು, ನಿಂಗ ಎಷ್ಟು ಹೊತ್ತು ಆತು? ಭಾಳ ಲಗೂ ಅಂದಿ ಆಗ. ಈಗೂ ಲಗೂ ಅಂದಿ." ನನ್ನ ತಲೆಯ ಮೇಲೆ ಕೈಯಿಟ್ಟು ಮತ್ತೆ ಬಗ್ಗಿಸಿದಳು. "ಆ ಚಿಕ್ಕಿ ಬಿಡು. ಅದರ ಬಾಜೂಕ ನೋಡು. ಏನೂ ಬೇಕಾಗಿಲ್ಲ ಅನ್ನಂಗ ನೋಡು. ಅಲ್ಲಿ ಶೇಂಗಾ ಇಲ್ಲ, ಎಲ್ಲಿಗೂ ಹೋಗಬ್ಯಾಡ."

ಅವಳ ಕೈ ತಲೆಯ ಮೇಲೇ ಇತ್ತು. ಕಣ್ಣನ್ನು ಚಿಕ್ಕಿಯಿಂದ ತುಸು ಸರಿಸಿ ಇಟ್ಟುಕೊಂಡೆ. ಹೋಯಿತು, ಬಂತು, ಮತ್ತೆ ಹೋಯಿತು. ಆಮೇಲೆ, ಯಾವಾಗ ಎಂದು ಹೇಳಲಾರೆ, ಕತ್ತಲೆಯ ಮೇಲೆ ಬೂದಿ ಹರಡಿತ್ತು. ಎಷ್ಟೋ ಹೊತ್ತು ನಾನು ಏನೂ ಹೇಳಲಿಲ್ಲ. ತಲೆಯ ಮೇಲಿನ ಕೈ ತಾನಾಗಿ ಹಗುರಾಯಿತು.

"ಹಾಂ," ಎಂದಳು ನೀಲಕ್ಕ, "ಈಗ ಕಂಡ್ತು."

ಮುಂದಿನ ಚಳಿಗಾಲಕ್ಕೆ ಅಂಚೂ ಹೋಯಿತು. ಅದರ ಮುಂದಿನದಕ್ಕೆ ಅವಳೇ ಇರಲಿಲ್ಲ. ಕೆಟ್ಟ ಫೋಟೋ, ಇಡ್ಲಿಯಂಥದ್ದು, ಕಟ್ಟು ಹಾಕಿಸಿಕೊಂಡು ತಾಂಡೂರಿನ ಮನೆಯ ದೇವರ ಜಗಲಿಯಲ್ಲಿದೆ. ಹೋದ ವಾರ ಚಪ್ಪಲಿ ಬಿಟ್ಟು ಒಳಗೆ ಹೋದವನು ಮೊದಲು ನೋಡಿದ್ದು ಅದನ್ನೇ. ಮಾವ ದಿನಾ ಅದಕ್ಕೆ ಹೂವಿಡುತ್ತಾರೆ. ಯಾರ ಹಣೆ ಎಂದು ಬಂದವರು ಕೇಳಿದರೆ, "ನಮ್ಮ ಮಾವಂದ್ರಿ. ಫೋಟೋ ಕೆಟ್ಟದ, ಹಣಿ ಕೆಟ್ಟಿಲ್ಲ" ಎಂದು ನಗಿಸುತ್ತಾರಂತೆ.

ದೂರದರ್ಶಕ ನನ್ನಲ್ಲಿದೆ. ನವಮಿಗೆ ವಿಭೂತಿಯನ್ನು ಮುಚ್ಚಳಕ್ಕೆ ಹಚ್ಚುತ್ತೇನೆ, ಕನ್ನಡಿಗಲ್ಲ. ಅಪ್ಪನ ವಾದಕ್ಕೆ ನನ್ನಲ್ಲಿ ಉತ್ತರವಿಲ್ಲ, ಆದರೂ. ಚಳಿಗಾಲದ ಅಮಾವಾಸ್ಯೆಗಳಲ್ಲಿ ಝರಾಸಂಗದ ಆ ಕಣಕ್ಕೆ ಹೋಗಿ ಒಬ್ಬನೇ ಬಗ್ಗುತ್ತೇನೆ. ಕಂಡ ಮೇಲೆ ಬಾಯಿಬಿಟ್ಟು ಹೇಳುತ್ತೇನೆ, ಕಬ್ಬಿಗೆ ಕೇಳುವಷ್ಟು. ಆದರೆ ಲಗೂ ಹೇಳುವುದಿಲ್ಲ.